ಜಾನ್ ವಾನಮೇಕರ್ ಎಂಬ ವರ್ತಕನು: ಆತನ ವ್ಯಾಪಾರ, ದಾನ ಮತ್ತು ರಾಜಕೀಯ ವಂತಿಗೆ

ಹಣವನ್ನು ಸಂಪಾದಿಸುವುದು ಒಂದು ವಿದ್ಯೆ; ಸಂಪಾದಿಸಿದುದನ್ನು ಕೊಡುವುದು ಅದಕ್ಕಿಂತಲೂ ಕಠಿನವಾದ ಇನ್ನೊಂದು ವಿದ್ಯೆ. ಮೊದಲನೆಯದನ್ನು ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ. ಎರಡನೆಯದನ್ನು ಕಲಿಯಬೇಕಾದರೆ ಕೊಟ್ಟವರ ಚರಿತ್ರೆಗಳನ್ನೇ ಓದಬೇಕು. ಮಿಷನ್ ಶಾಲೆಗಳಲ್ಲಿ ಬೆಳೆದ ನಮಗೆ ದಾನಿಗಳ ಹೆಸರುಗಳು ಹೊಸವಲ್ಲ. ಅಡಿಗಲ್ಲಿನ ಮೇಲೆ, ಆಸ್ಪತ್ರೆಯ ಕೊಠಡಿಯ ಬಾಗಿಲಿನ ಮೇಲೆ, ಬಹುಮಾನಗಳ ಪಟ್ಟಿಯಲ್ಲಿ ಅವುಗಳನ್ನು ಓದುತ್ತಲೇ ಇರುತ್ತೇವೆ. ಆದರೆ ಆ ಹಣವು ಹೇಗೆ ಬಂದಿತು, ಅದೇ ಕೈಯಿಂದ ಬೇರೆ ಎಲ್ಲೆಲ್ಲಿಗೆ ಹೋಯಿತು ಎಂದು ವಿಚಾರಿಸುವುದು ಅಪರೂಪ. ಹಾಗೆ ವಿಚಾರಿಸುವುದು ಕೃತಘ್ನತೆಯೆಂದು ಕೆಲವರು ಭಾವಿಸುವುದುಂಟು. ನಮ್ಮ ಅಭಿಪ್ರಾಯವು ಹಾಗಲ್ಲ. ಉಪಕಾರವನ್ನು ನೆನೆಯುವುದೂ ಸತ್ಯವನ್ನು ತಿಳಿಯುವುದೂ ಒಂದಕ್ಕೊಂದು ವಿರೋಧವಾದವುಗಳಲ್ಲ.

ಈ ವಿಷಯವನ್ನು ವಿವರಿಸುವುದಕ್ಕಾಗಿ ಅಮೇರಿಕಾ ದೇಶದ ಫಿಲಡೆಲ್ಫಿಯಾ ನಗರದ ಜಾನ್ ವಾನಮೇಕರ್ ಎಂಬ ವರ್ತಕನ ಜೀವನವನ್ನು ಆರಿಸಿಕೊಂಡಿದ್ದೇವೆ. ಮದರಾಸಿನ ಎಸ್ಪ್ಲನೇಡಿನಲ್ಲಿರುವ ವೈ. ಎಂ. ಸಿ. ಎ. ಕಟ್ಟಡವನ್ನು ನೋಡಿದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಅದು ಮುಖ್ಯವಾಗಿ ಈತನ ಹಣದಿಂದಲೇ ಎದ್ದಿತು. ಅಲಹಾಬಾದಿನಲ್ಲಿ, ಎಂದರೆ ಈಗಿನ ಪ್ರಯಾಗರಾಜದಲ್ಲಿ, ನಮ್ಮದರಂತೆಯೇ ಮಿಷನ್ನಿನವರು ಸ್ಥಾಪಿಸಿದ ಬಾಲಿಕಾ ಪಾಠಶಾಲೆಯೊಂದು ಈತನ ಪತ್ನಿ ಮೇರಿಯ ಹೆಸರನ್ನು ಹೊತ್ತಿತು. ಹೀಗೆ ನಮ್ಮ ದೇಶದ ಮಕ್ಕಳ ವಿದ್ಯಾಭ್ಯಾಸದಲ್ಲಿಯೂ ಈತನ ಪಾಲಿದೆ. ಈತನು ಹಣವನ್ನು ಮೂರು ದಾರಿಗಳಲ್ಲಿ ನಡೆಸಿದನು: ವ್ಯಾಪಾರದಲ್ಲಿ ಹೂಡಿದನು, ಧರ್ಮಕ್ಕೆ ಕೊಟ್ಟನು, ರಾಜಕೀಯ ಪಕ್ಷಕ್ಕೂ ಕೊಟ್ಟನು. ಮೊದಲನೆಯ ಎರಡು ದಾರಿಗಳು ಆತನಿಗೆ ಕೀರ್ತಿಯನ್ನು ತಂದವು. ಮೂರನೆಯದು ಆಕ್ಷೇಪವನ್ನು ತಂದಿತು. ಹಾಗೇಕಾಯಿತೆಂಬುದೇ ಈ ಲೇಖನದ ವಿಷಯ.

ಬಾಲ್ಯವೂ ಉದ್ಯೋಗಪ್ರವೇಶವೂ

ವಾನಮೇಕರನು 1838ನೆಯ ಇಸವಿ ಜುಲೈ 11ರಂದು ಫಿಲಡೆಲ್ಫಿಯಾದಲ್ಲಿ ಹುಟ್ಟಿದನು. ತಂದೆಯು ಇಟ್ಟಿಗೆ ಮಾಡುವವನು. ಮನೆಯಲ್ಲಿ ಮಕ್ಕಳು ಹಲವರು, ವರಮಾನವು ಅಲ್ಪ. ಹುಡುಗನು ಶಾಲೆಯಲ್ಲಿ ಓದಿದ್ದು ಕೆಲವೇ ವರ್ಷ. ಹದಿನಾಲ್ಕರ ಆಸುಪಾಸಿನಲ್ಲಿಯೇ ಒಂದು ಪುಸ್ತಕದ ಅಂಗಡಿಯಲ್ಲಿ ಓಲೆಕಾರ ಹುಡುಗನಾಗಿ ವಾರಕ್ಕೆ ಒಂದೂಕಾಲು ಡಾಲರಿನ ಸಂಬಳಕ್ಕೆ ಸೇರಿದನು. ಅಲ್ಲಿಂದ ಸಿದ್ಧ ಉಡುಪುಗಳ ಅಂಗಡಿಯೊಂದನ್ನು ಸೇರಿ ಗುಮಾಸ್ತನಾದನು. ಮೈಯಲ್ಲಿ ಬಲ ಸಾಲದೆ ಕೆಲವು ಕಾಲ ಕೆಲಸ ಬಿಟ್ಟು ವಿಶ್ರಾಂತಿ ಪಡೆಯಬೇಕಾಯಿತು.

ಇಪ್ಪತ್ತು ವರ್ಷ ತುಂಬುವ ಮೊದಲೇ ಆತನಿಗೆ ಫಿಲಡೆಲ್ಫಿಯಾದ ವೈ. ಎಂ. ಸಿ. ಎ. ಸಂಘದ ಕಾರ್ಯದರ್ಶಿಯ ಉದ್ಯೋಗ ದೊರೆಯಿತು. ಆ ದೇಶದಲ್ಲಿ ಅಂಥ ಸಂಘವೊಂದರಿಂದ ಸಂಬಳ ಪಡೆದ ಮೊದಲನೆಯ ಕಾರ್ಯದರ್ಶಿ ಈತನೇ. 1858ರ ಫೆಬ್ರವರಿಯಲ್ಲಿ ನಗರದ ಬಡವರ ಬೀದಿಯೊಂದರಲ್ಲಿ ಆದಿತ್ಯವಾರದ ಶಾಲೆಯನ್ನು ಆರಂಭಿಸಿದನು. ಮೊದಲ ಪ್ರಯತ್ನದಲ್ಲಿ ಪುಂಡರು ಅಡ್ಡಬಂದು ಚದರಿಸಿದರು. ಆತನು ಹೆದರದೆ ಮತ್ತೆ ಹೋಗಿ ಕೆಲವೇ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದನು. ಬೆಥನಿ ಎಂಬ ಹೆಸರಿನ ಆ ಶಾಲೆಯು ಕಾಲಕ್ರಮದಲ್ಲಿ ಸಾವಿರಾರು ಮಂದಿ ಕೂಡುವ, ಆ ದೇಶದ ಅತಿ ದೊಡ್ಡ ಆದಿತ್ಯವಾರದ ಶಾಲೆಗಳಲ್ಲೊಂದಾಯಿತು. ಅರವತ್ತು ವರ್ಷಗಳಿಗೂ ಮೇಲ್ಪಟ್ಟು ಅದರ ಮೇಲ್ವಿಚಾರಣೆಯನ್ನು ಆತನು ಬಿಡಲಿಲ್ಲ. ಮುಂದೆ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಮಂತ್ರಿಯಾಗಿದ್ದಾಗಲೂ ಪ್ರತಿವಾರ ರೈಲು ಹತ್ತಿ ಆದಿತ್ಯವಾರಕ್ಕೆ ಊರಿಗೆ ಬಂದು ತನ್ನ ಸ್ಥಾನದಲ್ಲಿ ನಿಲ್ಲುತ್ತಿದ್ದನು.

ಬೆಲೆಚೀಟಿಯ ಕಥೆ

1861ರ ಏಪ್ರಿಲ್ ತಿಂಗಳಲ್ಲಿ ವಾನಮೇಕರನು ತನ್ನ ಪತ್ನಿಯ ಸಹೋದರನಾದ ನೇಥನ್ ಬ್ರೌನನೊಡನೆ ಸೇರಿ 'ಓಕ್ ಹಾಲ್' ಎಂಬ ಉಡುಪಿನ ಅಂಗಡಿಯನ್ನು ತೆರೆದನು. ಆ ದೇಶದ ಉತ್ತರ ದಕ್ಷಿಣ ಸಂಸ್ಥಾನಗಳ ಅಂತರ್ಯುದ್ಧವು ಆರಂಭವಾದುದು ಅದೇ ವಾರದಲ್ಲಿ. ವ್ಯಾಪಾರಕ್ಕೆ ಅದಕ್ಕಿಂತ ಕೆಟ್ಟ ಮುಹೂರ್ತವಿಲ್ಲವೆಂದು ಬುದ್ಧಿವಂತರು ಹೇಳಿದ್ದಿರಬೇಕು. ಮೊದಲ ದಿನದ ವ್ಯಾಪಾರ 24 ಡಾಲರ್ 67 ಸೆಂಟು. ಆತನು 24 ಡಾಲರನ್ನು ವೃತ್ತಪತ್ರಿಕೆಯ ಜಾಹೀರಾತಿಗೆ ಕೊಟ್ಟು, ಮಿಕ್ಕ 67 ಸೆಂಟನ್ನು ಮರುದಿನದ ಚಿಲ್ಲರೆಗಾಗಿ ಪೆಟ್ಟಿಗೆಯಲ್ಲಿಟ್ಟನಂತೆ. ಕೈಗೆ ಬಂದುದನ್ನು ಕಟ್ಟಿಡದೆ ವ್ಯಾಪಾರಕ್ಕೇ ಹಾಕುವ ಈ ಸ್ವಭಾವವು ಆತನಲ್ಲಿ ಕಡೆಯವರೆಗೂ ಇದ್ದಿತು.

ಆ ಕಾಲದ ಅಂಗಡಿಗಳಲ್ಲಿ ಬೆಲೆಯು ಹೇಗೆ ನಿಶ್ಚಯವಾಗುತ್ತಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಸರಕಿನ ಮೇಲೆ ಬೆಲೆಯನ್ನು ಯಾರೂ ಬಹಿರಂಗವಾಗಿ ಬರೆಯುತ್ತಿರಲಿಲ್ಲ. ಅಂಗಡಿಯವನು ಹತ್ತು ಬೇರೆ ಬೇರೆ ಅಕ್ಷರಗಳುಳ್ಳ ಒಂದು ಮಾತನ್ನು ಆರಿಸಿಕೊಂಡು, ಅಂಕೆಗಳ ಬದಲಾಗಿ ಆ ಅಕ್ಷರಗಳನ್ನು ಉಪಯೋಗಿಸಿ, ತನಗೆ ಬಿದ್ದ ಅಸಲನ್ನು ಚೀಟಿಯಲ್ಲಿ ಗುರುತು ಹಾಕುತ್ತಿದ್ದನು. ಗುಟ್ಟನ್ನು ಬಲ್ಲ ಗುಮಾಸ್ತನು ಗಿರಾಕಿಯ ಮುಖವನ್ನೂ ಉಡುಪನ್ನೂ ನೋಡಿ ಬೆಲೆ ಹೇಳುವನು. ಗಿರಾಕಿಯು ಅರ್ಧಕ್ಕೆ ಕೇಳುವನು. ಇಬ್ಬರೂ ಬಹಳ ಹೊತ್ತು ಚೌಕಾಶಿ ನಡೆಸಿದ ಮೇಲೆ ನಡುವೆ ಎಲ್ಲಿಯೋ ನಿಲ್ಲುವುದು. ಇದರಿಂದ ಚತುರನಿಗೆ ಲಾಭ, ಸಂಕೋಚಸ್ವಭಾವದವನಿಗೆ ನಷ್ಟ. ಒಂದೇ ಬಟ್ಟೆಗೆ ಒಬ್ಬನು ಎರಡು ಡಾಲರನ್ನೂ ಇನ್ನೊಬ್ಬನು ಮೂರು ಡಾಲರನ್ನೂ ಕೊಡಬಹುದು. ಮಕ್ಕಳನ್ನಾಗಲಿ ಕೆಲಸದವರನ್ನಾಗಲಿ ಅಂಗಡಿಗೆ ಕಳುಹಿಸುವುದೇ ಅಪಾಯವಾಗಿತ್ತು. ನಮ್ಮ ಸಂತೆಗಳನ್ನು ಬಲ್ಲ ವಾಚಕರಿಗೆ ಇದನ್ನು ಹೆಚ್ಚಾಗಿ ವರ್ಣಿಸಬೇಕಾದುದಿಲ್ಲ.

ವಾನಮೇಕರನು ಪ್ರತಿಯೊಂದು ಸಾಮಾನಿಗೂ ಎಲ್ಲರೂ ಓದಬಹುದಾದ ಬೆಲೆಚೀಟಿಯನ್ನು ಕಟ್ಟಿಸಿದನು. ಶ್ರೀಮಂತನಿಗೂ ಬಡವನಿಗೂ ಅದೇ ಬೆಲೆ. 1865ರ ಸುಮಾರಿಗೆ ಇನ್ನೊಂದು ವಾಗ್ದಾನವನ್ನು ಸಾರಿದನು: ಕೊಂಡ ಸರಕು ಮನಸ್ಸಿಗೆ ಬಾರದಿದ್ದರೆ ಹಿಂದಕ್ಕೆ ತಂದು ಹಣವನ್ನು ಪಡೆಯಬಹುದು. ಇವುಗಳನ್ನು ಲೋಕದಲ್ಲಿ ಮೊಟ್ಟಮೊದಲು ಕಂಡುಹಿಡಿದವನು ಆತನೇ ಎಂದು ಹೇಳುವುದು ಸರಿಯಲ್ಲ. ಸುಳ್ಳು ಬೆಲೆಯನ್ನು ಹೇಳುವುದೂ ಸುಳ್ಳೇ ಎಂದು ನಂಬಿದ್ದ ಕ್ವೇಕರ್ ಪಂಥದ ವರ್ತಕರು ಬಹಳ ಹಿಂದಿನಿಂದಲೇ ಒಂದೇ ದರದಲ್ಲಿ ಮಾರುತ್ತಿದ್ದರು. ಅವರಿಗೆ ಫಿಲಡೆಲ್ಫಿಯಾವೇ ತವರು. ನ್ಯೂಯಾರ್ಕಿನಲ್ಲಿ ಸ್ಟೂವರ್ಟ್, ಪ್ಯಾರಿಸಿನಲ್ಲಿ ಬೂಸಿಕೋ ಎಂಬ ವರ್ತಕರೂ ಇದೇ ಕ್ರಮವನ್ನು ನಡೆಸಿದ್ದರು. ವಾನಮೇಕರನ ಹೆಚ್ಚಳವೇನೆಂದರೆ, ಇವುಗಳನ್ನು ಕಾಗದದ ಮೇಲೆ ಅಚ್ಚುಹಾಕಿಸಿ, ಊರಿಗೆಲ್ಲ ಸಾರಿ, ಬೃಹತ್ತಾದ ವ್ಯಾಪಾರದ ನಿಯಮವನ್ನಾಗಿ ಮಾಡಿದುದು.

ಇದು ಬರೀ ಸೌಜನ್ಯವಲ್ಲ, ವ್ಯಾಪಾರದ ಯುಕ್ತಿಯೂ ಹೌದು. ಚೌಕಾಶಿಯಿಲ್ಲದಿದ್ದರೆ ಒಬ್ಬ ಗುಮಾಸ್ತನು ಒಂದು ಗಂಟೆಯಲ್ಲಿ ಹತ್ತು ಮಂದಿಯನ್ನು ನೋಡಿಕೊಳ್ಳಬಲ್ಲನು. ನೂರಾರು ಗುಮಾಸ್ತರಿರುವಲ್ಲಿ ಪ್ರತಿಯೊಬ್ಬನ ಜಾಣತನವನ್ನು ನೆಚ್ಚಬೇಕಾದುದಿಲ್ಲ. ಒಂದೊಂದು ಸರಕಿನ ಮೇಲೆ ಲಾಭವು ಕಡಿಮೆಯಾದರೂ ಸರಕು ಬೇಗ ಬೇಗ ಖರ್ಚಾಗಿ, ಅದೇ ಬಂಡವಾಳವು ವರ್ಷದಲ್ಲಿ ಅನೇಕ ಸಾರಿ ತಿರುಗುವುದು. ಹಣವನ್ನು ಹಿಂದಿರುಗಿಸುವ ವಾಗ್ದಾನವೂ ಹಾಗೆಯೇ. ಹಿಂದಕ್ಕೆ ತರುವವರು ಕೆಲವರೇ. ಆದರೆ ಆ ಭಯವಿರುವುದರಿಂದ ಅಂಗಡಿಗಾಗಿ ಸರಕು ಕೊಳ್ಳುವವರು ಜೊಳ್ಳನ್ನು ತರಲಾರರು. ಸತ್ಯವು ಲಾಭಕರವೂ ಆಗಬಹುದೆಂಬುದನ್ನು ಆತನು ಲೆಕ್ಕದಿಂದಲೇ ತೋರಿಸಿಕೊಟ್ಟನು.

1868ರಲ್ಲಿ ಬ್ರೌನನು ತೀರಿಕೊಂಡನು. 1870ರ ದಶಕದ ಮಧ್ಯದಲ್ಲಿ ವಾನಮೇಕರನು ರೈಲ್ವೆ ಕಂಪೆನಿಯು ಬಿಟ್ಟುಹೋಗಿದ್ದ ಸರಕು ನಿಲ್ದಾಣವೊಂದನ್ನು ಕೊಂಡನು. ಅದನ್ನು ಅಂಗಡಿಯಾಗಿ ಮಾರ್ಪಡಿಸುವ ಮೊದಲು, 1875ರ ಕೊನೆಯಲ್ಲಿ ಮೂಡಿ ಮತ್ತು ಸ್ಯಾಂಕಿ ಎಂಬ ಪ್ರಸಿದ್ಧ ಸುವಾರ್ತಿಕರ ಕೂಟಗಳಿಗಾಗಿ ಬಿಟ್ಟುಕೊಟ್ಟನು. 1876ರಲ್ಲಿ ಸ್ವಾತಂತ್ರ್ಯದ ನೂರನೆಯ ವರ್ಷದ ಮಹಾಪ್ರದರ್ಶನವು ಆ ನಗರದಲ್ಲಿ ನಡೆದಾಗ 'ಗ್ರ್ಯಾಂಡ್ ಡಿಪೋ' ಎಂಬ ಹೆಸರಿನಿಂದ ಅದು ತೆರೆಯಿತು. ಮರುವರ್ಷ ಉಡುಪಲ್ಲದೆ ಬೇರೆ ಬೇರೆ ಸರಕುಗಳನ್ನೂ ತಂದು, ವಿಭಾಗ ವಿಭಾಗವಾಗಿ ಹಂಚಿ, ಡಿಪಾರ್ಟ್‌ಮೆಂಟ್ ಸ್ಟೋರ್ ಎಂದು ಇಂದು ಹೇಳುವ ರೀತಿಯ ಮಳಿಗೆಯನ್ನಾಗಿ ಮಾಡಿದನು. 1878ರಲ್ಲಿ ಅಲ್ಲಿ ವಿದ್ಯುದ್ದೀಪಗಳು ಬೆಳಗಿದವು. 1879ರಲ್ಲಿ ಪತ್ರಿಕೆಯ ಇಡೀ ಪುಟವನ್ನು ತುಂಬಿದ ಜಾಹೀರಾತು ಪ್ರಕಟವಾಯಿತು. ಆದರೂ ಆದಿತ್ಯವಾರದ ಪತ್ರಿಕೆಗಳಿಗೆ ಆತನು ಜಾಹೀರಾತು ಕೊಡುತ್ತಿರಲಿಲ್ಲ. 1896ರಲ್ಲಿ ನ್ಯೂಯಾರ್ಕಿನಲ್ಲಿ ಸ್ಟೂವರ್ಟನ ಹಳೆಯ ಮಳಿಗೆಯನ್ನೂ ಕೊಂಡನು. ಫಿಲಡೆಲ್ಫಿಯಾದಲ್ಲಿ ಹಳೆಯ ನಿಲ್ದಾಣದ ಸ್ಥಳದಲ್ಲೆದ್ದ ಹನ್ನೆರಡು ಅಂತಸ್ತಿನ ಭವನವನ್ನು 1911ರ ಡಿಸೆಂಬರಿನಲ್ಲಿ ಅಧ್ಯಕ್ಷ ಟಾಫ್ಟನೇ ಬಂದು ಪ್ರತಿಷ್ಠಾಪಿಸಿದನು.

ಕೆಲಸಗಾರರ ವಿಷಯದಲ್ಲಿಯೂ ಎರಡು ಮಾತು ಹೇಳಬೇಕು. ಅಂಗಡಿಯ ಹುಡುಗ ಹುಡುಗಿಯರು ಕೆಲಸದ ನಡುವೆಯೇ ಓದು ಬರಹ ಲೆಕ್ಕಗಳನ್ನು ಮುಂದುವರಿಸಲೆಂದು 1896ರಲ್ಲಿ ವಾಣಿಜ್ಯ ಶಾಲೆಯೊಂದನ್ನು ಸ್ಥಾಪಿಸಿದನು. ವೈದ್ಯಸಹಾಯ, ವಿಶ್ರಾಂತಿವೇತನ, ಲಾಭದಲ್ಲಿ ಪಾಲು ಮುಂತಾದವುಗಳನ್ನು ಇತರರು ಯೋಚಿಸುವ ಮೊದಲೇ ಆತನು ಆಚರಣೆಗೆ ತಂದನು. ಆದರೆ ಕೆಲಸಗಾರರು ತಾವಾಗಿ ಸಂಘ ಕಟ್ಟಿಕೊಳ್ಳುವುದನ್ನು ಆತನು ಸಹಿಸಲಿಲ್ಲ. 1887ರಲ್ಲಿ 'ನೈಟ್ಸ್ ಆಫ್ ಲೇಬರ್' ಎಂಬ ಕಾರ್ಮಿಕ ಸಂಘಕ್ಕೆ ಸೇರಿದವರಲ್ಲಿ ಮೊದಲು ಪತ್ತೆಯಾದ ಹನ್ನೆರಡು ಮಂದಿಯನ್ನು ಕೆಲಸದಿಂದ ತೆಗೆದುಹಾಕಿದನು. ತಾನಾಗಿ ಕೊಡುವುದಕ್ಕೆ ಆತನ ಕೈ ಧಾರಾಳ. ಹಕ್ಕೆಂದು ಕೇಳಿದವರಿಗೆ ಮಾತ್ರ ಮುಚ್ಚಿದ ಕೈ. ಉದಾರಿಗಳಾದ ಅನೇಕ ಯಜಮಾನರಲ್ಲಿ ಈ ಗುಣವನ್ನು ಕಾಣುತ್ತೇವೆ.

ಧರ್ಮಕ್ಕೆ ಕೊಟ್ಟ ಹಣ

ವಾನಮೇಕರನ ದಾನಕ್ಕೆ ಬೆಥನಿಯೇ ಕೇಂದ್ರ. ಬರೀ ಪಾಠ ಪ್ರಾರ್ಥನೆಗಳಿಂದ ಬಡವರ ಬಾಳು ಸುಧಾರಿಸದೆಂದು ಕಂಡು, 1888ರಲ್ಲಿ ಅಲ್ಲಿಯೇ ಕಾಸುಗಳ ಉಳಿತಾಯಕ್ಕಾಗಿ 'ಪೆನ್ನಿ ಸೇವಿಂಗ್ಸ್ ಬ್ಯಾಂಕ್' ಎಂಬುದನ್ನು ತೆರೆದನು. ದೊಡ್ಡ ಬ್ಯಾಂಕುಗಳು ಕಣ್ಣೆತ್ತಿಯೂ ನೋಡದ ಅತ್ಯಲ್ಪ ಮೊತ್ತಗಳನ್ನು ಅಗಸಗಿತ್ತಿಯರೂ ಕೂಲಿಯವರೂ ತಂದಿಡಬಹುದಾಗಿತ್ತು. ನಮ್ಮ ಎಣಿಕೆಯಲ್ಲಿ ಇದು ಆತನ ದಾನಗಳಲ್ಲಿ ಶ್ರೇಷ್ಠವಾದುದು. ಭಿಕ್ಷೆಯು ಒಂದು ದಿನದ ಹಸಿವನ್ನು ತೀರಿಸುವುದು. ಕೂಡಿಡುವ ಅನುಕೂಲವು ಮನುಷ್ಯನ ತಲೆಯನ್ನು ಎತ್ತಿ ನಿಲ್ಲಿಸುವುದು.

ದೂರದೇಶಗಳಿಗೆ ಕೊಟ್ಟುದು ವೈ. ಎಂ. ಸಿ. ಎ. ಸಂಬಂಧದಿಂದ. 1890ರಲ್ಲಿ ಮದರಾಸಿನಲ್ಲಿ ಆ ಸಂಘವನ್ನು ಸ್ಥಾಪಿಸಿದ ಡೇವಿಡ್ ಮೆಕೊನಾಹಿ ಎಂಬಾತನು ಅದಕ್ಕೆ ಮೊದಲು ಫಿಲಡೆಲ್ಫಿಯಾದ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವನು. ತಾನು ಯೌವನದಲ್ಲಿ ಕುಳಿತಿದ್ದ ಸ್ಥಾನದಲ್ಲಿಯೇ ಕುಳಿತಿದ್ದವನೊಬ್ಬನು ಸಮುದ್ರದಾಚೆಯಿಂದ ಬೇಡಿದಾಗ ವಾನಮೇಕರನು ಇಲ್ಲವೆನ್ನಲಿಲ್ಲ. 1900ರಲ್ಲಿ ಮದರಾಸಿನ ಕೆಂಪು ಕಲ್ಲಿನ ಭವನವು ಸಿದ್ಧವಾಯಿತು. ಕಲ್ಕತ್ತ, ಸಿಯೋಲ್, ಪೀಕಿಂಗ್, ಕ್ಯೋಟೋ ನಗರಗಳ ಸಂಘಭವನಗಳಿಗೂ ಆತನ ಸಹಾಯ ದೊರೆಯಿತು. 1901ರಲ್ಲಿ ಹೊರಟು ಹಿಂದೂದೇಶದಲ್ಲಿ ಸಂಚಾರ ಮಾಡಿ, ಕೊಟ್ಟ ಹಣವು ಏನಾಗಿದೆಯೆಂಬುದನ್ನು ತಾನೇ ನೋಡಿಹೋದನು. ಇಂಥ ದಾನಗಳಲ್ಲಿ ಕೊಟ್ಟವನಿಗೆ ಹಿಂದಕ್ಕೆ ಬರುವುದು ಏನೂ ಇಲ್ಲ. ಮದರಾಸಿನ ತರುಣನೊಬ್ಬನು ಫಿಲಡೆಲ್ಫಿಯಾಕ್ಕೆ ಹೋಗಿ ಆತನಲ್ಲಿ ಅಂಗಿ ಕೊಳ್ಳುವನೇ? ಅಲಹಾಬಾದಿನ ಬಾಲಕಿಯು ಆತನಿಗೆ ಮತ ಕೊಡುವಳೇ?

ದಾನವೋ ವ್ಯಾಪಾರವೋ ಎಂದು ವಿಂಗಡಿಸಲಾಗದ ಪ್ರಸಂಗಗಳೂ ಇದ್ದವು. ತಾಯಂದಿರ ದಿನವನ್ನು ಸ್ಥಾಪಿಸಬೇಕೆಂದು ಆನ್ನಾ ಜಾರ್ವಿಸ್ ಎಂಬ ಮಹಿಳೆಯು ಹೋರಾಡಿದಾಗ ವಾನಮೇಕರನು ಆಕೆಗೆ ಬೆಂಬಲವಾಗಿ ನಿಂತು, 1908ರ ಮೇ ತಿಂಗಳಲ್ಲಿ ತನ್ನ ಮಳಿಗೆಯ ಸಭಾಂಗಣದಲ್ಲಿಯೇ ಕೂಟವನ್ನು ನಡೆಯಿಸಿದನು. 1914ರಲ್ಲಿ ಅಧ್ಯಕ್ಷ ವಿಲ್ಸನನು ಅದನ್ನು ರಾಷ್ಟ್ರೀಯ ದಿನವೆಂದು ಘೋಷಿಸಿದನು. ಮುಂದೆ ಹೂವಿನ ವರ್ತಕರೂ ಮಿಠಾಯಿಯವರೂ ಆ ದಿನವನ್ನು ಲಾಭಕ್ಕೆ ಬಳಸಿಕೊಂಡುದನ್ನು ಕಂಡು ಆಕೆಯೇ ಅದನ್ನು ವಿರೋಧಿಸಿ ಬಾಳಿನ ಬಹುಭಾಗವನ್ನು ಕಳೆದಳು. ವರ್ತಕನ ಸಹಾಯದಲ್ಲಿ ಸದುದ್ದೇಶವಿದ್ದರೂ ಅಂಗಡಿಯ ವಾಸನೆ ಹೇಗೆ ಅಂಟಿಕೊಳ್ಳುವುದೆಂಬುದಕ್ಕೆ ಇದೊಂದು ನಿದರ್ಶನ.

ರಾಜಕೀಯಕ್ಕೆ ಕೊಟ್ಟ ಹಣ

ಈಗ ಮೂರನೆಯ ದಾರಿಗೆ ಬರೋಣ. 1888ರಲ್ಲಿ ಅಮೇರಿಕೆಯ ಅಧ್ಯಕ್ಷಪದವಿಗೆ ಡೆಮೊಕ್ರಾಟಿಕ್ ಪಕ್ಷದಿಂದ ಗ್ರೋವರ್ ಕ್ಲೀವ್ಲೆಂಡನೂ ರಿಪಬ್ಲಿಕನ್ ಪಕ್ಷದಿಂದ ಬೆಂಜಮಿನ್ ಹ್ಯಾರಿಸನನೂ ನಿಂತರು. ಮುಖ್ಯವಾದ ವಾದವು ಆಮದು ಸುಂಕದ ವಿಷಯ. ಹೊರದೇಶದ ಸರಕಿನ ಮೇಲಿನ ಸುಂಕವನ್ನು ಇಳಿಸಬೇಕೆಂದು ಕ್ಲೀವ್ಲೆಂಡನು ಸಾರಿದ್ದನು. ಇಳಿಸಿದರೆ ತಮ್ಮ ಗಿರಣಿಗಳು ಮುಚ್ಚಿಹೋಗುವುವೆಂದು ಪೆನ್ಸಿಲ್ವೇನಿಯಾ ಸಂಸ್ಥಾನದ ಕಾರ್ಖಾನೆಯವರು ಹೆದರಿದರು. ವಾನಮೇಕರನು ಹ್ಯಾರಿಸನನ ಪಕ್ಷವನ್ನು ಹಿಡಿದನು. ಪಕ್ಷದ ರಾಷ್ಟ್ರೀಯ ಸಮಿತಿಯ ಮುಖ್ಯಸ್ಥನಾಗಿದ್ದ ಸೆನೆಟರ್ ಮ್ಯಾಥ್ಯೂ ಕ್ವೇ ಎಂಬಾತನು ವರ್ತಕರಿಂದ ಹಣ ಎತ್ತುವ ಭಾರವನ್ನು ಆತನಿಗೆ ವಹಿಸಿದನು. ವಾನಮೇಕರನು ತಾನೂ ಕೊಟ್ಟು, ಇತರರಿಂದಲೂ ಕೊಡಿಸಿ, ಎರಡು ಲಕ್ಷ ಡಾಲರುಗಳಿಗೂ ಮಿಕ್ಕ ಹಣವನ್ನು ಕೂಡಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಆ ಕಾಲದಲ್ಲಿ ಇದು ಅಪಾರವಾದ ಮೊತ್ತ.

ಒಬ್ಬ ಪ್ರಜೆಯು ತನಗೆ ಸರಿಯೆಂದು ತೋರಿದ ಪಕ್ಷಕ್ಕೆ ಹಣ ಕೊಡುವುದು ತಪ್ಪಲ್ಲ. ಕರಪತ್ರ ಅಚ್ಚುಮಾಡಬೇಕು, ಭಾಷಣಕಾರರನ್ನು ಊರೂರಿಗೆ ಕಳುಹಿಸಬೇಕು. ಹಣವಿಲ್ಲದೆ ಇವು ನಡೆಯವು. ತೊಡಕು ಇರುವುದು ಬೇರೆ ಕಡೆಯಲ್ಲಿ. ಯಾರು ಎಷ್ಟು ಕೊಟ್ಟರು, ಅದು ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಪ್ರಕಟಿಸಬೇಕೆಂಬ ರಾಷ್ಟ್ರದ ಕಾನೂನು ಆಗ ಇರಲಿಲ್ಲ. ಆ ಚುನಾವಣೆಯಲ್ಲಿ ಇಂಡಿಯಾನಾ ಸಂಸ್ಥಾನದಲ್ಲಿ ಮತಗಳನ್ನು ಕೊಳ್ಳುವ ಏರ್ಪಾಡು ನಡೆದಿತ್ತೆಂದು ದೊಡ್ಡ ಗದ್ದಲವಾಯಿತು. ಹಣಕ್ಕೆ ಮತ ಮಾರುವವರನ್ನು ಐದೈದು ಮಂದಿಯ ಗುಂಪುಗಳಾಗಿ ವಿಂಗಡಿಸಬೇಕೆಂದು ಪಕ್ಷದ ಖಜಾಂಚಿ ಡಡ್ಲಿಯ ಹೆಸರಿನ ಕಾಗದವೊಂದು ಪತ್ರಿಕೆಗಳಲ್ಲಿ ಹೊರಬಿದ್ದಿತು. ಮತಪತ್ರಗಳನ್ನು ಪಕ್ಷಗಳೇ ಅಚ್ಚುಹಾಕಿಸಿ ಹಂಚುತ್ತಿದ್ದ ಕಾಲ ಅದು. ಯಾರು ಯಾರಿಗೆ ಮತ ಕೊಟ್ಟರೆಂಬುದು ನೋಡುವವರಿಗೆ ತಿಳಿಯುತ್ತಿತ್ತು. ಈ ಅನುಭವದ ತರುವಾಯ ಕೆಲವೇ ವರ್ಷಗಳಲ್ಲಿ ಬಹುತೇಕ ಸಂಸ್ಥಾನಗಳು ಗುಪ್ತ ಮತದಾನವನ್ನು ಜಾರಿಗೆ ತಂದವು. ಇಂಡಿಯಾನಾದ ದೋಷವನ್ನು ನಾವು ವಾನಮೇಕರನ ಮೇಲೆ ಹೊರಿಸುವುದಿಲ್ಲ. ಆದರೆ ಒಂದೊಂದು ಗುಂಡಿಯ ಲೆಕ್ಕವನ್ನೂ ತನ್ನ ಮಳಿಗೆಯಲ್ಲಿ ಕೇಳುತ್ತಿದ್ದ ವರ್ತಕನು ಎತ್ತಿಕೊಟ್ಟ ಹಣವು ಲೆಕ್ಕವಿಲ್ಲದ ಪೆಟ್ಟಿಗೆಯನ್ನು ಸೇರಿತೆಂಬುದು ವಿಚಾರಮಾಡತಕ್ಕ ಸಂಗತಿ.

ಹ್ಯಾರಿಸನನು ಒಟ್ಟು ಮತಗಳಲ್ಲಿ ಹಿಂದೆ ಬಿದ್ದರೂ ಸಂಸ್ಥಾನಗಳ ಪ್ರತಿನಿಧಿಗಳ ಎಣಿಕೆಯಲ್ಲಿ ಗೆದ್ದು ಅಧ್ಯಕ್ಷನಾದನು. 1889ರ ಮಾರ್ಚಿಯಲ್ಲಿ ವಾನಮೇಕರನು ಪೋಸ್ಟ್‌ಮಾಸ್ಟರ್ ಜನರಲ್ ಆಗಿ ಮಂತ್ರಿಮಂಡಲವನ್ನು ಸೇರಿದನು. ಪದವಿಯನ್ನು ಹಣಕ್ಕೆ ಕೊಂಡನೆಂದು ಪತ್ರಿಕೆಗಳು ಹೀಯಾಳಿಸಿದವು.

ಅಂಚೆಯ ಮಂತ್ರಿಯ ಕೈಯಲ್ಲಿದ್ದ ಅಧಿಕಾರವೆಂಥದು? ಆಗಿನ ಅಮೇರಿಕೆಯಲ್ಲಿ ಚುನಾವಣೆ ಗೆದ್ದ ಪಕ್ಷವು ಸೋತವರ ಕಡೆಯ ನೌಕರರನ್ನು ತೆಗೆದು ತನ್ನವರನ್ನು ನೇಮಿಸುವ ಪದ್ಧತಿಯಿತ್ತು. 1883ರ ಕಾನೂನು ಕೆಲವು ಹುದ್ದೆಗಳನ್ನು ಪರೀಕ್ಷೆಯ ಮೂಲಕ ತುಂಬಬೇಕೆಂದು ವಿಧಿಸಿದ್ದರೂ ಹಳ್ಳಿಗಳ ಪೋಸ್ಟ್‌ಮಾಸ್ಟರರು ಅದರ ರಕ್ಷಣೆಗೆ ಒಳಪಟ್ಟಿರಲಿಲ್ಲ. ವಾನಮೇಕರನ ಆಡಳಿತದ ಮೊದಲನೆಯ ವರ್ಷದಲ್ಲಿ ಆತನ ಸಹಾಯಕ ಕ್ಲಾರ್ಕ್ಸನನ ಕೈಯಿಂದ ಸುಮಾರು 30,000 ಪೋಸ್ಟ್‌ಮಾಸ್ಟರರು ಬದಲಾದರು. ನಾಗರಿಕ ಸೇವೆಯ ಆಯೋಗದಲ್ಲಿದ್ದ, ಮುಂದೆ ತಾನೇ ಅಧ್ಯಕ್ಷನಾದ ಥಿಯೋಡರ್ ರೂಸ್ವೆಲ್ಟನು ಈ ವಿಷಯದಲ್ಲಿ ಆತನೊಡನೆ ಬಹಿರಂಗವಾಗಿ ಜಗಳವಾಡಿದನು. ಬಾಲ್ಟಿಮೋರ್ ಅಂಚೆ ಕಚೇರಿಯ ನೌಕರರು ಪಕ್ಷಕ್ಕಾಗಿ ಹಣ ಎತ್ತಿದರೆಂದು ಕಂಡು 25 ಮಂದಿಯನ್ನು ತೆಗೆಯಬೇಕೆಂದು ರೂಸ್ವೆಲ್ಟನು 1891ರಲ್ಲಿ ಶಿಫಾರಸು ಮಾಡಿದನು, ವಾನಮೇಕರನು ಒಪ್ಪಲಿಲ್ಲ. ಮರುವರ್ಷ ಪ್ರತಿನಿಧಿಸಭೆಯ ವಿಚಾರಣಾ ಸಮಿತಿಯು ರೂಸ್ವೆಲ್ಟನ ಪಕ್ಷವೇ ನ್ಯಾಯವೆಂದು ಎತ್ತಿಹಿಡಿಯಿತು.

ಇಷ್ಟರಿಂದಲೇ ಆತನನ್ನು ಅಯೋಗ್ಯ ಮಂತ್ರಿಯೆಂದು ತೀರ್ಮಾನಿಸಿದರೆ ಅದು ಅನ್ಯಾಯ. ಹಳ್ಳಿಯ ರೈತನ ಮನೆಬಾಗಿಲಿಗೇ ಕಾಗದ ತಲುಪಬೇಕೆಂದು ಆತನು ವಾದಿಸಿದನು. 1896ರಲ್ಲಿ ಅದು ಪ್ರಾರಂಭವಾಯಿತು. ಅಂಚೆಯ ಮೂಲಕ ಉಳಿತಾಯದ ಬ್ಯಾಂಕು ಬೇಕೆಂದನು. ಹಿಂದೂದೇಶದಲ್ಲಿ 1882ರಲ್ಲಿಯೇ ಬಂದಿದ್ದ ಆ ಅನುಕೂಲಕ್ಕೆ ಅಮೇರಿಕೆಯಲ್ಲಿ 1910ರಲ್ಲಿ ಕಾನೂನಾಯಿತು. ದೊಡ್ಡ ಗಂಟುಗಳನ್ನು ಅಂಚೆಯು ಒಯ್ಯಬೇಕೆಂದನು. ಖಾಸಗಿ ಸಾಗಾಣಿಕೆ ಕಂಪೆನಿಗಳ ವಿರೋಧವನ್ನು ದಾಟಿ 1913ರಲ್ಲಿ ಅದು ಜಾರಿಗೆ ಬಂದಿತು. ಇವೆಲ್ಲ ಜನೋಪಕಾರವಾದ ಯೋಜನೆಗಳೇ. ಆದರೂ ಪಾರ್ಸೆಲ್ ಅಂಚೆಯಿಂದ ದೊಡ್ಡ ಮಳಿಗೆಗಳಿಗೆ ಲಾಭವೆಂದು ಹಳ್ಳಿಯ ಸಣ್ಣ ಅಂಗಡಿಕಾರರು ಭಯಪಟ್ಟರು. ಒಬ್ಬ ವರ್ತಕನೇ, ಅದೂ ಪಕ್ಷಕ್ಕೆ ಹಣ ಎತ್ತಿಕೊಟ್ಟವನೇ ಮಂತ್ರಿಯಾದಾಗ ಒಳ್ಳೆಯ ಯೋಜನೆಯ ಮೇಲೂ ಸಂದೇಹದ ನೆರಳು ಬೀಳುವುದು. ರಾಜಕೀಯ ವಂತಿಗೆಯಿಂದಾಗುವ ಮುಖ್ಯವಾದ ಕೇಡು ಇದೇ. ಅದು ಕೊಟ್ಟವನ ಸತ್ಕಾರ್ಯವನ್ನೂ ಜನರು ನಂಬದಂತೆ ಮಾಡಿಬಿಡುತ್ತದೆ.

ಚರಿತ್ರೆಯ ವಿನೋದವೆಂದರೆ, ಮುಂದೆ ಆತನಿಗೆ ಪ್ರಬಲ ಶತ್ರುವಾದವನು ಅದೇ ಕ್ವೇ. ಪೆನ್ಸಿಲ್ವೇನಿಯಾದ ಪಕ್ಷಯಂತ್ರವು ಕ್ವೇಯ ಮುಷ್ಟಿಯಲ್ಲಿತ್ತು. ಸೆನೆಟರರನ್ನು ಜನರಲ್ಲದೆ ಶಾಸನಸಭೆಯು ಆರಿಸುತ್ತಿದ್ದ ಆ ಕಾಲದಲ್ಲಿ, 1897ರ ಆರಂಭದಲ್ಲಿ ವಾನಮೇಕರನು ಸೆನೆಟ್ ಸ್ಥಾನಕ್ಕೆ ಪ್ರಯತ್ನಿಸಿ ಕ್ವೇಯ ಕಡೆಯ ಪೆನ್ರೋಸನೆದುರು ಸೋತನು. 1898ರಲ್ಲಿ ಗವರ್ನರ್ ಪದವಿಗೆ ಪಕ್ಷದ ಒಪ್ಪಿಗೆಯನ್ನು ಬಯಸಿ, ಆ ಯಂತ್ರದ ಅಕ್ರಮಗಳನ್ನು ಊರೂರಿನಲ್ಲಿ ಬಯಲಿಗೆಳೆದು ಭಾಷಣ ಮಾಡಿದನು. ಅದರಲ್ಲಿಯೂ ಸೋತನು. ಹತ್ತು ವರ್ಷ ಮೊದಲು ತಾನೇ ಎಣ್ಣೆ ಹೊಯ್ದಿದ್ದ ಯಂತ್ರವು ತನ್ನನ್ನೇ ಅರೆದುದನ್ನು ಆತನು ಕಂಡನು.

ವಿಚಾರಣೀಯ ಅಂಶ

ವಾನಮೇಕರನು 1922ರ ಡಿಸೆಂಬರ್ 12ರಂದು ತನ್ನ 84ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಳಿಗೆಯು 1978ರಲ್ಲಿ ಮನೆತನದ ಕೈಬಿಟ್ಟು, ಬೇರೆ ಬೇರೆ ಒಡೆಯರನ್ನು ಕಂಡಿತು. 2025ರಲ್ಲಿ ಆ ಭವನದ ಕೊನೆಯ ದೊಡ್ಡ ಅಂಗಡಿಯೂ ಬಾಗಿಲು ಮುಚ್ಚಿತು. ಚುನಾವಣೆಯ ಹಣದ ವಿಷಯದಲ್ಲಿ ಆ ದೇಶವು 1907ರಲ್ಲಿ ಕಂಪೆನಿಗಳು ರಾಷ್ಟ್ರೀಯ ಚುನಾವಣೆಗೆ ಹಣ ಕೊಡಬಾರದೆಂದೂ 1910ರಲ್ಲಿ ಪಕ್ಷಗಳು ಲೆಕ್ಕವನ್ನು ಪ್ರಕಟಿಸಬೇಕೆಂದೂ ಕಾನೂನು ಮಾಡಿತು. ಅವುಗಳನ್ನು ತಪ್ಪಿಸಿಕೊಳ್ಳುವ ದಾರಿಗಳೂ ಹುಟ್ಟಿದವು; ವಾದವು ಇನ್ನೂ ಮುಗಿದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದಾನವನ್ನು ಗುಟ್ಟಾಗಿ ಮಾಡಬೇಕೆಂದು ಸುವಾರ್ತೆಯು ನಮಗೆ ಬೋಧಿಸುತ್ತದೆ. ಹಾಗಾದರೆ ಪಕ್ಷಕ್ಕೆ ಕೊಡುವ ಹಣವೂ ಗುಟ್ಟಾಗಿದ್ದರೆ ತಪ್ಪೇನು? ನಮ್ಮ ಉತ್ತರವಿದು. ಬಡವನಿಗೆ ಕೊಡುವುದು ಗುಟ್ಟಾಗಿರಬೇಕಾದುದು, ಕೊಟ್ಟವನಿಗೆ ಹೊಗಳಿಕೆಯ ಲಾಭವೂ ಬರಬಾರದೆಂಬ ಕಾರಣದಿಂದ, ಪಡೆದವನ ಮಾನ ಉಳಿಯಬೇಕೆಂಬ ಕಾರಣದಿಂದ. ಪಕ್ಷಕ್ಕೆ ಕೊಡುವ ಹಣವಾದರೋ ಕೊಡದಿದ್ದವರೆಲ್ಲರ ಮೇಲೆಯೂ ನಡೆಯುವ ಆಳಿಕೆಯನ್ನು ತಿರುಗಿಸಲು ಹೋಗುವುದು. ಅಲ್ಲಿ ಗುಟ್ಟು ಕೊಟ್ಟವನ ವಿನಯವನ್ನು ಕಾಪಾಡುವುದಿಲ್ಲ. ಕೊಡುವವನಿಗೂ ಪಡೆಯುವವನಿಗೂ ನಡುವಿನ ಒಪ್ಪಂದವನ್ನು ಮರೆಮಾಡುವುದು. ವಾನಮೇಕರನು ಹುಟ್ಟುವ ಮೊದಲು ಅಂಗಡಿಗಳಲ್ಲಿ ನಡೆಯುತ್ತಿದ್ದುದು ಇದೇ ಅಲ್ಲವೇ? ಬಲ್ಲವರಿಗೆ ಮಾತ್ರ ತಿಳಿಯುವ ಗುಟ್ಟಿನ ಅಕ್ಷರಗಳು, ಮಿಕ್ಕವರಿಗೆ ಹೇಳಿದ್ದೇ ಬೆಲೆ. ಸಾಮಾನಿಗೆ ಎಲ್ಲರೂ ಓದುವ ಚೀಟಿಯನ್ನು ಕಟ್ಟಿದ ಆ ಮಹಾವರ್ತಕನು ತನ್ನ ರಾಜಕೀಯ ವಂತಿಗೆಗೂ ಅಂಥ ಚೀಟಿಯನ್ನು ಕಟ್ಟಿದ್ದರೆ, ಆತನ ಮಂತ್ರಿತ್ವಕ್ಕೆ ಅಷ್ಟು ಅಪವಾದ ಅಂಟುತ್ತಿರಲಿಲ್ಲ.

ನಮ್ಮ ಶಾಲೆಯ ಬಾಲಿಕೆಯರು ಹದಿನೆಂಟು ವರ್ಷ ತುಂಬಿದೊಡನೆ ಮತದಾರರಾಗುವರು. ಅವರಲ್ಲಿ ಕೆಲವರು ವ್ಯಾಪಾರವನ್ನು ನಡೆಸುವರು, ಸಂಘಸಂಸ್ಥೆಗಳ ಖಜಾಂಚಿಗಳಾಗುವರು, ದೇವರ ದಯೆಯಿಂದ ದಾನಿಗಳೂ ಆಗುವರು. ಅವರಿಗೆ ನಾವು ಹೇಳುವುದಿಷ್ಟೇ. ಮಾರುವಾಗ ವಾನಮೇಕರನಂತೆ ಬೆಲೆಯನ್ನು ಬಹಿರಂಗವಾಗಿ ಬರೆಯಿರಿ. ಬಡವರಿಗೆ ಕೊಡುವಾಗ ಆತನು ಕಾಸುಗಳ ಬ್ಯಾಂಕನ್ನು ತೆರೆದಂತೆ, ಪಡೆದವರು ನಾಳೆ ಬೇಡದಂತೆ ಕೊಡಿರಿ. ಪಕ್ಷಕ್ಕಾಗಲಿ ಅಧಿಕಾರದಲ್ಲಿರುವವರಿಗಾಗಲಿ ಕೊಡಬೇಕಾದ ಸಂದರ್ಭ ಬಂದರೆ, ನೆರೆಹೊರೆಯವರ ಮುಂದೆ ಓದಿಹೇಳಲು ನಾಚುವಂಥ ಹಣವನ್ನು ಕೊಡಬೇಡಿರಿ. ನಿಮ್ಮ ಮತವನ್ನು ಕೇಳಲು ಬಂದವರನ್ನು, ಅವರ ಹಿಂದೆ ಯಾರ ಹಣವಿದೆಯೆಂದು ಕೇಳುವುದಕ್ಕೂ ಹಿಂಜರಿಯಬೇಡಿರಿ. ಕೊಡುವ ಕೈಯನ್ನು ಗೌರವಿಸುವುದು ನಮ್ಮ ಧರ್ಮ. ಲೆಕ್ಕವನ್ನು ಕೇಳುವುದೂ ಧರ್ಮವೇ.